ಗಾಲಿ ದೊಡ್ಡದಾದರೆ ಕಾರು ಚುರುಕಾಗದು

ಸಿಂಗಪುರದ ಉತ್ತರ ಭಾಗದ ಯಿಶುನ್ ಪಟ್ಟಣದಲ್ಲಿ ಕಾರಿನ ಚಾಕರಿಗೆ ಬಹಳ ದೂರ ಹೋಗಬೇಕಿಲ್ಲ. ಅಲ್ಲಿನ ಇಂಡಸ್ಟ್ರಿಯಲ್ ಪಾರ್ಕ್ ‘ಎ’ ಪ್ರದೇಶದಲ್ಲಿ ಗ್ಯಾರೇಜುಗಳಿವೆ, ವಿಕಾಮ್ ಸಂಸ್ಥೆಯ ವಾಹನ ತಪಾಸಣಾ ಕೇಂದ್ರವೂ ಅಲ್ಲೇ ಇದೆ. ಇಂಥ ಜಾಗಕ್ಕೆ ಬರುವ ಸಣ್ಣ ಕಾರುಗಳಲ್ಲಿ ಸುಜುಕಿ ಸ್ವಿಫ್ಟ್ ಸ್ಪೋರ್ಟ್‌ಗೆ ಅದರದೇ ಅಭಿಮಾನಿ ಬಳಗವಿದೆ. ಮಾರುತಿ ಸ್ವಿಫ್ಟ್ ಗೊತ್ತಿಲ್ಲದ ಕನ್ನಡಿಗರಿಲ್ಲ. ಆದರೆ ಅದರ ಈ ಬಿರುಸಿನ ರೂಪವನ್ನು ಕಂಪನಿ ಭಾರತದಲ್ಲಿ ಮಾರಲೇ ಇಲ್ಲ. ಇಂಥ ಕಾರು ಕೊಂಡವರು ಮೊದಲು ಬದಲಾಯಿಸಲು ಹೊರಡುವುದು ಗಾಲಿಗಳನ್ನು. ಹದಿನಾರು ಇಂಚಿನದು ತೆಗೆದು ಹದಿನೇಳು, ಹದಿನೇಳು ತೆಗೆದು ಹದಿನೆಂಟು. ಜೊತೆಗೆ ಇನ್ನಷ್ಟು ಅಗಲದ ಟೈರು. ಇದರಿಂದ ಕಾರು ಹೆಚ್ಚು ಚುರುಕಾಗುತ್ತದೆ ಎಂಬ ನಂಬಿಕೆ ಯಿಶುನ್‌ನಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಸಾವಿರ ಕಿಲೋ ಆಸುಪಾಸಿನ ಕಾರಿಗೆ ಈ ನಂಬಿಕೆ ಬಹುಪಾಲು ತಪ್ಪು ಎಂಬುದು ನನ್ನ ವಾದ. ಅಂಥ ಕಾರಿಗೆ ಬೇಕಾದುದು ಒಳ್ಳೆಯ ಟೈರು, ದೊಡ್ಡ ರಿಮ್ ಅಲ್ಲ. ಎರಡಕ್ಕೂ ಸಾಲುವಷ್ಟು ಹಣ ಇಲ್ಲದವರು ಮೊದಲನೆಯದಕ್ಕೇ ಖರ್ಚು ಮಾಡಬೇಕು. ಇರುವವರೂ ರಿಮ್ಮಿನ ಅಳತೆಯನ್ನು ಒಂದು ಇಂಚಿಗಿಂತ ಹೆಚ್ಚು ಏರಿಸಬಾರದು.

ಸಿಂಗಪುರದಲ್ಲಿ ಈ ಆಸೆ ಬಲವಾಗಿರುವುದಕ್ಕೆ ಕಾರಣವಿದೆ. ಅಲ್ಲಿ ಕಾರು ಕೊಳ್ಳುವ ಮೊದಲು ಸಿಒಇ ಎಂಬ ಹತ್ತು ವರ್ಷದ ಪರವಾನಗಿಯನ್ನು ಹರಾಜಿನಲ್ಲಿ ಪಡೆಯಬೇಕು. 1990ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ದೊಡ್ಡ ಕಾರುಗಳ ವರ್ಗದ ಪರವಾನಗಿಯ ಬೆಲೆ 2023ರ ಅಕ್ಟೋಬರ್‌ನಲ್ಲಿ ಒಂದೂವರೆ ಲಕ್ಷ ಸಿಂಗಪುರ ಡಾಲರ್ ಮುಟ್ಟಿತು. 2014ರಿಂದ ಎಂಜಿನ್ನಿನ ಗಾತ್ರದ ಜೊತೆಗೆ ಶಕ್ತಿಯನ್ನೂ ಅಳೆಯುತ್ತಾರೆ. 97 ಕಿಲೋವಾಟ್ ದಾಟಿದರೆ ಸಣ್ಣ ಕಾರೂ ದೊಡ್ಡ ವರ್ಗಕ್ಕೆ ಸೇರುತ್ತದೆ. 103 ಕಿಲೋವಾಟ್‌ನ ಈಚಿನ ಸ್ವಿಫ್ಟ್ ಸ್ಪೋರ್ಟ್ ಹೀಗೆ ಐಷಾರಾಮಿ ಕಾರುಗಳ ಸಾಲಿನಲ್ಲಿ ನಿಲ್ಲಬೇಕಾಯಿತು. ಇಷ್ಟು ಬೆಲೆ ತೆತ್ತ ಕಾರನ್ನು ಜನ ಬೇಗ ಮಾರುವುದಿಲ್ಲ. ಹತ್ತು ವರ್ಷ ಮುಗಿದ ಮೇಲೆ ಪರವಾನಗಿಯನ್ನು ಐದು ಅಥವಾ ಹತ್ತು ವರ್ಷಕ್ಕೆ ನವೀಕರಿಸಿ ಓಡಿಸುವವರೂ ಇದ್ದಾರೆ. ಹೊಸ ಕಾರು ಕೈಗೆಟುಕದಿದ್ದಾಗ ಹಳೆಯ ಕಾರಿಗೇ ಹೊಸ ರೂಪ ಕೊಡುವ ಮನಸ್ಸಾಗುವುದು ಸಹಜ. ಆದರೆ ಹತ್ತಾರು ವರ್ಷ ದುಡಿದ ಬೇರಿಂಗು, ಬುಷ್‌ಗಳ ಮೇಲೆ ಭಾರದ ಗಾಲಿ ಹೇರುವುದು ಹೊಸ ಕಾರಿಗಿಂತ ಇಂಥ ಕಾರಿಗೇ ಹೆಚ್ಚು ಅಪಾಯ.

ಅಳತೆಗಳನ್ನು ನೋಡೋಣ. 2005ರಲ್ಲಿ ಬಂದ ಸ್ವಿಫ್ಟ್ ಸ್ಪೋರ್ಟ್‌ಗೆ ಕಂಪನಿ ಕೊಟ್ಟ ಟೈರು 195/50 ಆರ್ 16. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕೆಯ ಎತ್ತರ, ಅಗಲದ ಶೇಕಡಾವಾರು ಲೆಕ್ಕದಲ್ಲಿ. ಇಲ್ಲಿ ಅದು 97 ಮಿ.ಮೀ.ಗಿಂತ ತುಸು ಹೆಚ್ಚು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮೂರನ್ನೂ ಕೂಡಿಸಿ ಲೆಕ್ಕ ಹಾಕಿದರೆ ಇಡೀ ಗಾಲಿಯ ವ್ಯಾಸ ಸುಮಾರು 601 ಮಿ.ಮೀ. ಮುಂದಿನ ತಲೆಮಾರಿನಲ್ಲಿ ಸುಜುಕಿ ಹದಿನೇಳು ಇಂಚಿಗೆ ಏರಿತು, ಆದರೆ ಟೈರು 195/45 ಆರ್ 17. ಒಟ್ಟು ವ್ಯಾಸ 607 ಮಿ.ಮೀ., ಅಂದರೆ ಹೆಚ್ಚಳ ಶೇ 1ರಷ್ಟು ಮಾತ್ರ. ಅಗಲ ಒಂದು ಮಿಲಿಮೀಟರೂ ಹೆಚ್ಚಲಿಲ್ಲ. 2017ರಲ್ಲಿ ಬಂದ ಟರ್ಬೊ ಎಂಜಿನ್ನಿನ ಮಾದರಿಯ ಟಾರ್ಕ್ 230 ನ್ಯೂಟನ್ ಮೀಟರ್‌ಗೆ ಜಿಗಿಯಿತು, ಕಾರಿನ ತೂಕ ಒಂದು ಟನ್‌ಗಿಂತ ಕೆಳಗಿಳಿಯಿತು. ಆಗಲೂ ಟೈರು ಅದೇ 195/45 ಆರ್ 17. ಎಂಜಿನ್ನು, ಚಾಸಿ, ತೂಕ ಎಲ್ಲ ಬದಲಾದರೂ 195 ಎಂಬ ಅಗಲವನ್ನು ಎಂಜಿನಿಯರುಗಳು ಮೂರು ತಲೆಮಾರು ಬಿಟ್ಟುಕೊಡಲಿಲ್ಲ. ರಿಮ್ ದೊಡ್ಡದು ಮಾಡಲು ಕಂಪನಿಯೇ ದಾರಿ ತೋರಿಸಿದೆ ಎನ್ನುವವರು ಈ ಅರ್ಧವನ್ನೂ ಗಮನಿಸಬೇಕು.

ಅಗಲದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಪ್ಪು ತಿಳಿವಳಿಕೆಯ ಬೇರು ಇರುವುದು ಇಲ್ಲೇ. ಟೈರು ಅಗಲವಾದಷ್ಟೂ ನೆಲಕ್ಕೆ ತಾಗುವ ಜಾಗ ಹೆಚ್ಚು, ಆದ್ದರಿಂದ ಹಿಡಿತವೂ ಹೆಚ್ಚು ಎಂದು ಜನ ಭಾವಿಸುತ್ತಾರೆ. ನೆಲಕ್ಕೆ ತಾಗುವ ಜಾಗವನ್ನು ಮುಖ್ಯವಾಗಿ ನಿರ್ಧರಿಸುವುದು ಟೈರಿನ ಮೇಲೆ ಬೀಳುವ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಇಬ್ಬರು ಕೂತ ಇಂಥ ಕಾರಿನ ಒಂದು ಮುಂಗಾಲಿಯ ಮೇಲೆ ಮುನ್ನೂರು ಕಿಲೋಗಿಂತ ಸ್ವಲ್ಪ ಹೆಚ್ಚು ಭಾರವಿರುತ್ತದೆ. ಸಾಮಾನ್ಯ ಒತ್ತಡದಲ್ಲಿ ಅದನ್ನು ಹೊರಲು ಬೇಕಾಗುವ ಜಾಗ ಒಂದು ಅಂಚೆ ಕಾರ್ಡಿಗಿಂತ ತುಸು ದೊಡ್ಡದು, ಅಷ್ಟೇ. ಅಗಲದ ಟೈರು ಹಾಕಿದರೆ ಆ ಜಾಗ ಬಹಳ ಬೆಳೆಯುವುದಿಲ್ಲ. ಅದರ ಆಕಾರ ಬದಲಾಗುತ್ತದೆ. ಮುಂದಕ್ಕೆ ಉದ್ದವಾಗಿದ್ದುದು ಗಿಡ್ಡವಾಗಿ ಅಡ್ಡಕ್ಕೆ ಹರಡುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಈ ಆಕಾರದಿಂದ ಲಾಭವಿದೆ ಎಂಬುದು ನಿಜ. ಆದರೆ ನೀರು ನಿಂತ ರಸ್ತೆಯಲ್ಲಿ ಅಗಲದ ಟೈರು ತನ್ನ ಮುಂದಿನ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಅದೂ ಕಡಿಮೆ ಉದ್ದದಲ್ಲಿ, ಕಡಿಮೆ ಸಮಯದಲ್ಲಿ. ತಳ್ಳಲಾಗದೆ ಹೋದಾಗ ಟೈರು ನೆಲ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಸ್ಟೀರಿಂಗೂ ಕೇಳುವುದಿಲ್ಲ, ಬ್ರೇಕೂ ಕೇಳುವುದಿಲ್ಲ. ಕಾರು ಹಗುರವಾಗಿ ಟೈರು ಅಗಲವಾಗಿದ್ದರೆ ಈ ಸ್ಥಿತಿ ಇನ್ನೂ ಕಡಿಮೆ ವೇಗದಲ್ಲೇ ಬರುತ್ತದೆ.

ಸಿಂಗಪುರದಲ್ಲಿ ವರ್ಷಕ್ಕೆ 2,100 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಬಯಲುಸೀಮೆಯವರು ಇದನ್ನು ಮಲೆನಾಡಿನ ಲೆಕ್ಕದಲ್ಲಿ ನೋಡಬೇಕು. ಮಲೆನಾಡಿನಂತೆ ಅಲ್ಲಿ ಮಳೆಗಾಲವೊಂದು ಬಂದು ಹೋಗುವುದಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಮಧ್ಯಾಹ್ನ ಆಕಾಶ ಕಪ್ಪಾಗಿ ಅರ್ಧ ಗಂಟೆ ಧಾರಾಕಾರ ಸುರಿಯಬಹುದು, ನವೆಂಬರ್‌ನಿಂದ ಜನವರಿವರೆಗೆ ಈಶಾನ್ಯ ಮಾರುತದ ಮಳೆ ಬೇರೆ. ಯಿಶುನ್‌ನಿಂದ ಸೆಲೆಟಾರ್ ಎಕ್ಸ್‌ಪ್ರೆಸ್‌ವೇ ಹಿಡಿದು ಕೆಲಸಕ್ಕೆ ಹೋಗುವವರ ಟೈರು ಒದ್ದೆ ರಸ್ತೆಯಲ್ಲೇ ತನ್ನ ಯೋಗ್ಯತೆ ತೋರಿಸಬೇಕು. ಒಣ ರೇಸ್ ಟ್ರ್ಯಾಕಿನಲ್ಲಿ ಸಿಗುವ ಸ್ವಲ್ಪ ಹೆಚ್ಚಿನ ಹಿಡಿತಕ್ಕಾಗಿ ದಿನನಿತ್ಯದ ಈ ಸುರಕ್ಷತೆಯನ್ನು ಒತ್ತೆಯಿಡುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

ಇನ್ನು ತೂಕದ ಮಾತು. ಗಾಲಿ ಸ್ಪ್ರಿಂಗಿನ ಕೆಳಗಿರುವ ವಸ್ತು. ರಸ್ತೆಯ ಉಬ್ಬಿಗೆ ಮೇಲೇರಿದ ಗಾಲಿಯನ್ನು ಮತ್ತೆ ನೆಲಕ್ಕೆ ಒತ್ತಿ ಹಿಡಿಯುವ ಕೆಲಸ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ನದು. ಗಾಲಿ ಭಾರವಾದಷ್ಟೂ ಅದು ನೆಲ ಬಿಟ್ಟಿರುವ ಹೊತ್ತು ಹೆಚ್ಚುತ್ತದೆ, ನೆಲ ಬಿಟ್ಟ ಟೈರಿಗೆ ಯಾವ ಹಿಡಿತವೂ ಇಲ್ಲ. ಜೊತೆಗೆ ಗಾಲಿ ತಿರುಗಬೇಕು. ತಿರುಗುವ ವಸ್ತುವಿನ ಜಡತ್ವ ತೂಕವನ್ನಷ್ಟೇ ಅಲ್ಲ, ಆ ತೂಕ ಅಚ್ಚಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಅವಲಂಬಿಸುತ್ತದೆ. ದೂರದ ವರ್ಗದಷ್ಟು ಅದು ಹೆಚ್ಚುತ್ತದೆ. ರಿಮ್ ದೊಡ್ಡದಾದರೆ ಲೋಹದ ಅಂಚು ಹೊರಕ್ಕೆ ಸರಿಯುತ್ತದೆ. ಗಾಲಿಯ ಹೊರ ಅಂಚಿನಲ್ಲಿ ಸೇರಿದ ಒಂದು ಕಿಲೋ, ವೇಗ ಹೆಚ್ಚಿಸುವಾಗ ಕಾರಿನೊಳಗಿಟ್ಟ ಸುಮಾರು ಎರಡು ಕಿಲೋಗೆ ಸಮನಾಗುತ್ತದೆ. ಅಮೆರಿಕದ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ 2010ರಲ್ಲಿ ಒಂದೇ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿಗೆ 15ರಿಂದ 19 ಇಂಚಿನವರೆಗಿನ ಗಾಲಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿತು. ಅತಿ ಚಿಕ್ಕದರಿಂದ ಅತಿ ದೊಡ್ಡದಕ್ಕೆ ಹೋಗುವಷ್ಟರಲ್ಲಿ ಇಂಧನ ಮಿತವ್ಯಯ ಸುಮಾರು ಶೇ 10ರಷ್ಟು, ವೇಗ ಹೆಚ್ಚಿಸುವ ಶಕ್ತಿ ಸುಮಾರು ಶೇ 4ರಷ್ಟು ಕುಂದಿತ್ತು. ಒಣ ನೆಲದ ತಿರುವಿನಲ್ಲಿ ಹಿಡಿತ ಸುಧಾರಿಸಿತ್ತು ಎಂಬುದನ್ನೂ ಮುಚ್ಚಿಡಬೇಕಿಲ್ಲ. ಆದರೆ ಅದು ಸ್ವಿಫ್ಟ್ ಸ್ಪೋರ್ಟ್‌ಗಿಂತ ಭಾರದ, ಇನ್ನೂ ದೊಡ್ಡ ಎಂಜಿನ್ನಿನ ಕಾರು. 2005ರ ಸ್ವಿಫ್ಟ್ ಸ್ಪೋರ್ಟ್‌ನ 1.6 ಲೀಟರಿನ, ಟರ್ಬೊ ಇಲ್ಲದ, 125 ಅಶ್ವಶಕ್ತಿಯ ಎಂಜಿನ್ನು ಈ ಹೊರೆಯನ್ನು ಇನ್ನೂ ಸ್ಪಷ್ಟವಾಗಿ ಅನುಭವಿಸುತ್ತದೆ.

ಅಳತೆ ತಪ್ಪಿದರೆ ಹೊರೆ ಇನ್ನೂ ಹೆಚ್ಚು. ಸುಲಭವಾಗಿ ಸಿಗುತ್ತದೆ ಎಂದು 16 ಇಂಚಿನ ಜಾಗಕ್ಕೆ 205/45 ಆರ್ 17 ಹಾಕಿದರೆ ವ್ಯಾಸ 616 ಮಿ.ಮೀ. ಆಗುತ್ತದೆ, ಮೂಲಕ್ಕಿಂತ ಶೇ 2.5ರಷ್ಟು ಹೆಚ್ಚು. ಪ್ರತಿ ಗೇರಿನಲ್ಲೂ ಎಳೆತ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ಸ್ಪೀಡೋಮೀಟರು ಮೊದಲಿನಷ್ಟೇ ತೋರಿಸುವಾಗ ಕಾರು ಮೊದಲಿಗಿಂತ ವೇಗವಾಗಿ ಓಡುತ್ತಿರುತ್ತದೆ. ಪಿಕಪ್ ಹೆಚ್ಚಿಸಲು ಹೊರಟವರು ಅದನ್ನೇ ಕಳೆದುಕೊಂಡಂತಾಯಿತು. 215/40 ಆರ್ 17 ವ್ಯಾಸದಲ್ಲಿ ಸರಿಹೊಂದುತ್ತದೆ, ಆದರೆ ಅಗಲ 20 ಮಿ.ಮೀ. ಏರಿತು. 205/40 ಆರ್ 17 ಇವುಗಳ ನಡುವಿನ ದಾರಿ: ವ್ಯಾಸ 596 ಮಿ.ಮೀ., ಮೂಲಕ್ಕಿಂತ ಶೇ 1ರಷ್ಟು ಕಡಿಮೆ. ಹದಿನೇಳು ಇಂಚು ಬೇಕೇ ಬೇಕು ಎನ್ನುವವರಿಗೆ ನಾನು ತೋರಿಸುವುದು ಕಂಪನಿಯೇ ಮುಂದಿನ ಮಾದರಿಗೆ ಆರಿಸಿಕೊಂಡ 195/45. ಅದು ಸಿಗದಿದ್ದರೆ ಮಾತ್ರ 205/40.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಸಿಂಗಪುರದ ರಸ್ತೆಗಳು ಗಾಜಿನಷ್ಟು ನುಣುಪು, ಪಕ್ಕೆ ಕಿರಿದಾದ ಟೈರಿಗೆ ಅಲ್ಲಿ ಭಯವೇನು? ಬೆಂಗಳೂರಿನ ಗುಂಡಿಗಳ ವಾದವನ್ನು ಅಲ್ಲಿಗೆ ಏಕೆ ಒಯ್ಯಬೇಕು? ಮುಖ್ಯರಸ್ತೆಗಳ ಮಟ್ಟಿಗೆ ಈ ಮಾತು ಸರಿ. ಆದರೆ ಕಾರು ದಿನವೂ ತಂಗುವುದು ವಸತಿ ಮಂಡಳಿಯ ಬಹುಮಹಡಿ ಪಾರ್ಕಿಂಗಿನಲ್ಲಿ. ಕಿರಿದಾದ ತಿರುವಿನ ಇಳಿಜಾರು, ಪಕ್ಕದಲ್ಲಿ ಕಾಂಕ್ರೀಟಿನ ಕಟ್ಟೆ, ಅಲ್ಲಲ್ಲಿ ಹಂಪುಗಳು, 2.4 ಮೀಟರ್ ಅಗಲದ ಜಾಗದಲ್ಲಿ ಕಾರು ತೂರಿಸುವ ಕಷ್ಟ. ಪಕ್ಕೆ ಎತ್ತರವಿದ್ದಾಗ ಕಟ್ಟೆಗೆ ಉಜ್ಜುವುದು ರಬ್ಬರು. ಪಕ್ಕೆ ಕಿರಿದಾದಾಗ ಉಜ್ಜುವುದು ದುಬಾರಿ ಅಲಾಯ್. ರಸ್ತೆ ಕಾಮಗಾರಿಯ ಮೇಲೆ ಹಾಸಿದ ಉಕ್ಕಿನ ತಟ್ಟೆಗಳನ್ನೂ ದಾಟಬೇಕು. ಜೊತೆಗೆ ಯಿಶುನ್‌ನಿಂದ ಮಲೇಷ್ಯಾಕ್ಕೆ ದಾಟುವ ವುಡ್‌ಲ್ಯಾಂಡ್ಸ್ ಸೇತುಬಂಧ ಬಹಳ ದೂರವಿಲ್ಲ. ಗಡಿ ದಾಟುವಾಗ ಟ್ಯಾಂಕಿನಲ್ಲಿ ಮುಕ್ಕಾಲು ಪಾಲು ಪೆಟ್ರೋಲ್ ಇರಲೇಬೇಕೆಂಬ ಕಾನೂನನ್ನು ಪಾಲಿಸಿ ವಾರಾಂತ್ಯಕ್ಕೆ ಜೋಹೋರ್‌ಗೆ ಹೋಗುವ ಕುಟುಂಬಗಳು ಅನೇಕ. ಅಲ್ಲಿ ಗುಂಡಿಗಳೂ ಸಿಗುತ್ತವೆ, ಮಳೆನೀರು ತುಂಬಿದಾಗ ಅವು ಕಾಣುವುದೂ ಇಲ್ಲ.

ಆ ಪ್ರಯಾಣದಲ್ಲಿ ಕಾರಿನ ತುಂಬ ಜನ, ಡಿಕ್ಕಿಯ ತುಂಬ ಸಾಮಾನು ಇರುತ್ತದೆ. ಟೈರಿನ ಮೇಲೆ ಅಳತೆಯ ಪಕ್ಕದಲ್ಲೇ ಅಚ್ಚಾಗಿರುವ 81, 84ರಂಥ ಭಾರಸೂಚಿಯನ್ನು ಓದಲು ಯಾರೂ ಬಗ್ಗುವುದಿಲ್ಲ. 84 ಎಂದರೆ ಒಂದು ಟೈರು 500 ಕಿಲೋ ಹೊರಬಲ್ಲದು, 81 ಎಂದರೆ 462 ಕಿಲೋ. ಪಕ್ಕೆ ಕಿರಿದಾದ ಟೈರುಗಳು 84ಕ್ಕೆ ತಲುಪುವುದು ಸಾಮಾನ್ಯವಾಗಿ ‘ಎಕ್ಸ್‌ಟ್ರಾ ಲೋಡ್’ ಎಂಬ ಬಲಪಡಿಸಿದ ರಚನೆಯಿಂದ. ಅಂಥ ಟೈರು ಆ ಪೂರ್ಣ ಭಾರ ಹೊರುವುದು 2.9 ಬಾರ್ ಒತ್ತಡದಲ್ಲಿ. ಸಾಮಾನ್ಯ ಟೈರಿಗೆ ಆ ಲೆಕ್ಕ 2.5 ಬಾರ್. ಬಾಗಿಲ ಅಂಚಿನ ಚೀಟಿಯಲ್ಲಿರುವ ಹಳೆಯ ಒತ್ತಡವನ್ನೇ ಹೊಸ ಟೈರಿಗೂ ತುಂಬಿಸಿದರೆ ಅದರ ಭಾರ ಹೊರುವ ಶಕ್ತಿ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಹೀಗಿರುವಾಗ ಗುಂಡಿಯ ಅಂಚು ಬಡಿದರೆ ರಿಮ್ಮಿಗೂ ಅಂಚಿಗೂ ನಡುವೆ ಸಿಕ್ಕ ರಬ್ಬರಿನೊಳಗಿನ ಎಳೆಗಳು ಹರಿದು ಪಕ್ಕೆಯಲ್ಲಿ ಗುಳ್ಳೆ ಏಳುತ್ತದೆ. ಆ ಟೈರಿಗೆ ದುರಸ್ತಿ ಇಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದುದು. ಪಕ್ಕೆ ಗಿಡ್ಡವಾದ ಟೈರು ಸ್ಟೀರಿಂಗಿನ ಮಾತನ್ನು ತಕ್ಷಣ ಕೇಳುತ್ತದೆ, ತಿರುವಿನಲ್ಲಿ ಮಡಚಿಕೊಳ್ಳುವುದಿಲ್ಲ, ಬಿರುಸಿನ ಕಾರಿನ ಸುಖವೇ ಅದು ಎಂದು ಹೇಳುವವರು ಸುಳ್ಳಾಡುತ್ತಿಲ್ಲ. ಆದರೆ ಆ ಚುರುಕಿನ ಬಹುಭಾಗ ಟೈರಿನ ರಚನೆ ಮತ್ತು ರಬ್ಬರಿನಿಂದ ಬರುತ್ತದೆ. ಅಗ್ಗದ ಟೈರು ಸುತ್ತಿದ ಹದಿನೆಂಟು ಇಂಚಿನ ರಿಮ್‌ಗಿಂತ, ಉತ್ತಮ ಸ್ಪೋರ್ಟ್ಸ್ ಟೈರು ಹಾಕಿದ ಹದಿನಾರು ಇಂಚಿನ ರಿಮ್ ಹೆಚ್ಚು ನಿಖರವಾಗಿ ತಿರುಗುತ್ತದೆ, ಒದ್ದೆಯಲ್ಲಿ ಬೇಗ ನಿಲ್ಲುತ್ತದೆ. ಇತಿಹಾಸವೂ ಇದನ್ನೇ ಹೇಳುತ್ತದೆ. ಈ ಜಾತಿಯ ಕಾರುಗಳಿಗೆ ಮಾದರಿಯಾದ 1976ರ ಗಾಲ್ಫ್ ಜಿಟಿಐ ಹದಿಮೂರು ಇಂಚಿನ ಗಾಲಿಯ ಮೇಲೆ ಓಡಿತು. ಇಂದಿಗೂ ಚಾಲಕರು ಹೊಗಳುವ ಪ್ಯೂಜೊ 205 ಜಿಟಿಐ 1984ರಲ್ಲಿ ಬಂದಾಗ ಅದರದು 185/60 ಆರ್ 14. 1997ರ ಹೋಂಡಾ ಸಿವಿಕ್ ಟೈಪ್ ಆರ್ 185 ಅಶ್ವಶಕ್ತಿಯನ್ನು ನೆಲಕ್ಕಿಳಿಸಿದ್ದು 195/55 ಆರ್ 15 ಟೈರಿನಿಂದ. ಇನ್ನೂ ಗಮನಾರ್ಹವಾದುದು ಅದೇ ಕಾರಿನ ಈಚಿನ ಕಥೆ: 2017ರ ಮಾದರಿಗೆ ಇಪ್ಪತ್ತು ಇಂಚಿನ ರಿಮ್ ಕೊಟ್ಟಿದ್ದ ಹೋಂಡಾ, 2022ರ ಮಾದರಿಯಲ್ಲಿ ಹತ್ತೊಂಬತ್ತಕ್ಕೆ ಇಳಿಸಿತು. ಟೈರನ್ನು ಅಗಲಗೊಳಿಸಿತು ನಿಜ, ಏಕೆಂದರೆ ಅದು ಮುನ್ನೂರಕ್ಕೂ ಹೆಚ್ಚು ಅಶ್ವಶಕ್ತಿಯ, ಸ್ವಿಫ್ಟ್‌ಗಿಂತ ನಾನೂರು ಕಿಲೋ ಭಾರದ ಕಾರು. ಟೊಯೋಟಾ ಜಿಆರ್ ಯಾರಿಸ್ ಹದಿನೆಂಟು ಇಂಚಿನದನ್ನು ಬಳಸುವುದೂ ಹೀಗೇ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಆ ಕಾರಿನ ದೊಡ್ಡ ಬ್ರೇಕುಗಳು ಒಳಗೆ ಕೂರಬೇಕು. ರಿಮ್ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ನ್ಯಾಯವಾದ ಯಾಂತ್ರಿಕ ಕಾರಣ ಅದೊಂದೇ. ಬ್ರೇಕು ಬದಲಾಗದಿದ್ದರೆ ರಿಮ್ ಬೆಳೆಸುವ ಯಾಂತ್ರಿಕ ಅಗತ್ಯವೂ ಇಲ್ಲ.

ಮರೀನಾ ಬೇಯಲ್ಲಿ ರಾತ್ರಿ ಓಡುವ ಫಾರ್ಮುಲಾ ಒನ್ ಕಾರುಗಳನ್ನು ಉದಾಹರಣೆ ಕೊಡುವವರೂ ಇದ್ದಾರೆ. ಆ ಕಾರುಗಳು 2021ರವರೆಗೆ, ದಶಕಗಳ ಕಾಲ, ಹದಿಮೂರು ಇಂಚಿನ ರಿಮ್ ಮತ್ತು ದಪ್ಪ ಪಕ್ಕೆಯ ಟೈರಿನ ಮೇಲೇ ಜಗತ್ತಿನ ಅತಿ ವೇಗದ ತಿರುವುಗಳನ್ನು ದಾಟಿದವು. 2022ರಲ್ಲಿ ಹದಿನೆಂಟಕ್ಕೆ ಹೋದುದಕ್ಕೆ ಮುಖ್ಯ ಕಾರಣ ಟೈರು ತಂತ್ರಜ್ಞಾನ ರಸ್ತೆ ಕಾರುಗಳಿಗೆ ಹತ್ತಿರವಾಗಲಿ ಎಂಬುದು. ಅದರಿಂದ ಕಾರಿನ ತೂಕ ಹೆಚ್ಚಿತು. 2026ರ ನಿಯಮಗಳಲ್ಲಿ ಟೈರಿನ ಅಗಲವನ್ನು ಕಡಿಮೆ ಮಾಡಿದ್ದಾರೆ.

ಕೊನೆಗೆ ಉಳಿಯುವುದು ಅಂದದ ಮಾತು. ಗಾಲಿ ಕಮಾನನ್ನು ತುಂಬಿಕೊಂಡು ನಿಂತ ಕಾರು ನೋಡಲು ಚೆಂದ. ಆ ಆಸೆಯನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಕಾರು ಬರೀ ಸಾಗಣೆಯ ಯಂತ್ರವಲ್ಲ. ಆದರೆ ಅಂದಕ್ಕಾಗಿ ಮಾಡಿದ್ದನ್ನು ಅಂದಕ್ಕಾಗಿಯೇ ಮಾಡಿದೆ ಎಂದು ಒಪ್ಪಿಕೊಂಡರೆ ಆಯ್ಕೆ ಸ್ಪಷ್ಟವಾಗುತ್ತದೆ: ಅಗಲ, ವ್ಯಾಸ ಬದಲಾಯಿಸದೆ ಒಳ್ಳೆಯ ವಿನ್ಯಾಸದ ಹಗುರ ರಿಮ್ ಹಾಕಿಸಿದರೂ ಕಾರಿನ ಚಹರೆ ಬದಲಾಗುತ್ತದೆ. ಎರಕದ ರಿಮ್ಮಿಗಿಂತ ಬಡಿದು ರೂಪಿಸಿದ ಫೋರ್ಜ್ಡ್ ರಿಮ್ ದುಬಾರಿ, ಆದರೆ ಅಷ್ಟೇ ಬಲಕ್ಕೆ ಕಡಿಮೆ ಲೋಹ ಸಾಕು. ನಾನು ಗಾಲಿಗೆ ಹಣ ಹಾಕಲು ಒಪ್ಪುವುದು ಇಲ್ಲೇ. ಹೊರಕ್ಕೆ ಚಾಚಿದ ಗಾಲಿಯನ್ನು ಮಾತ್ರ ಅಂದದ ಹೆಸರಿನಲ್ಲೂ ಸಮರ್ಥಿಸಲಾಗದು. ರಿಮ್ ಕೂರುವ ಆಳದ ಅಳತೆ, ಅಂದರೆ ಆಫ್‌ಸೆಟ್, ಕಡಿಮೆಯಾದಷ್ಟೂ ಗಾಲಿ ಹೊರಗೆ ಬರುತ್ತದೆ. ಬೇರಿಂಗಿನ ಮೇಲೆ ಸನ್ನೆಯ ಬಲ ಬೀಳುತ್ತದೆ, ಬ್ರೇಕ್ ಹಾಕಿದಾಗ ಸ್ಟೀರಿಂಗು ಎಳೆಯುತ್ತದೆ. ಮಡ್‌ಗಾರ್ಡಿನ ಅಂಚು ಮೀರಿ ಗಾಲಿ ಹೊರಬಂದರೆ ಸಿಂಗಪುರದಲ್ಲಿ ಅದು ಕಾನೂನಿಗೂ ವಿರುದ್ಧ. ಮೂರು ವರ್ಷ ತುಂಬಿದ ಕಾರನ್ನು ಎರಡು ವರ್ಷಕ್ಕೊಮ್ಮೆ, ಹತ್ತು ದಾಟಿದ್ದನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಲೇಬೇಕು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಬೆಂಗಳೂರಿನಲ್ಲಿ ಪೋಲೊ ಜಿಟಿಯಂಥ ಕಾರಿಗೆ ಎರಡು ಇಂಚು ಏರಿಸಲು ಹೊರಟವರು ವಿಮೆ ಕಂಪನಿ ಈ ಸೆಕ್ಷನ್ನನ್ನು ಓದಿಕೊಂಡಿರುತ್ತದೆ ಎಂಬುದನ್ನು ನೆನಪಿಡಬೇಕು.

ಹಾಗಾದರೆ ಹಣ ಎಲ್ಲಿ ಹೋಗಬೇಕು? ಮೂಲ ಅಳತೆಯಲ್ಲೇ ಸಿಗುವ ಅತ್ಯುತ್ತಮ ಟೈರಿಗೆ. ಐರೋಪ್ಯ ಒಕ್ಕೂಟ 2012ರಿಂದ ಟೈರುಗಳಿಗೆ ಒದ್ದೆ ರಸ್ತೆಯ ಹಿಡಿತದ ದರ್ಜೆ ಅಂಟಿಸುತ್ತಿದೆ. ಹಳೆಯ ಲೇಬಲ್ಲಿನ ಲೆಕ್ಕದಲ್ಲಿ 80 ಕಿ.ಮೀ. ವೇಗದಿಂದ ಬ್ರೇಕ್ ಹಾಕಿದರೆ ‘ಎ’ ದರ್ಜೆಯ ಟೈರಿಗೂ ‘ಎಫ್’ ದರ್ಜೆಯದಕ್ಕೂ ನಿಲ್ಲುವ ದೂರದಲ್ಲಿ ಸುಮಾರು 18 ಮೀಟರ್ ಅಂತರ. ನಾಲ್ಕು ಕಾರುಗಳು ಸಾಲಾಗಿ ನಿಲ್ಲುವಷ್ಟು ದೂರ ಅದು. ಯಾವ ರಿಮ್ಮೂ ಇದನ್ನು ಕೊಡಲಾರದು. ಸ್ಪೋರ್ಟ್ಸ್ ಟೈರುಗಳ ಆಯ್ಕೆ ಹದಿನೇಳು ಇಂಚಿನಲ್ಲೇ ಹೆಚ್ಚು ಎಂಬ ದೂರಿನಲ್ಲಿ ಸತ್ಯವಿದೆ, ಒಂದು ಇಂಚು ಏರಿಸಬಹುದು ಎಂದು ನಾನು ಒಪ್ಪಿದ್ದು ಅದಕ್ಕಾಗಿಯೇ. ಅಂಗಡಿಯಲ್ಲಿ ಬಣ್ಣ, ವಿನ್ಯಾಸ ನೋಡುವ ಮೊದಲು ರಿಮ್ಮಿನ ತೂಕ ಕೇಳಿ. ಹೇಳಲು ಬರದಿದ್ದರೆ ತಕ್ಕಡಿಗೆ ಹಾಕಿಸಿ. ಮೂಲ ರಿಮ್‌ಗಿಂತ ಭಾರವಾಗಿದ್ದರೆ ಬೇರೆಯದು ನೋಡಿ. ಜಪಾನಿನ ಮಾನದಂಡ ಪಾಸಾದ ರಿಮ್ಮಿನ ಮೇಲೆ ‘ಜೆಡಬ್ಲ್ಯುಎಲ್’ ಗುರುತು ಎರಕದಲ್ಲೇ ಇರುತ್ತದೆ. ಸ್ವಿಫ್ಟ್ ಸ್ಪೋರ್ಟ್‌ಗೆ ಐದು ಬೋಲ್ಟಿನ, 114.3 ಮಿ.ಮೀ. ವೃತ್ತದ ರಿಮ್ ಬೇಕು, ಸಾಮಾನ್ಯ ಸ್ವಿಫ್ಟಿನ ನಾಲ್ಕು ಬೋಲ್ಟಿನದು ಕೂರದು. ಟೈರಿನ ಪಕ್ಕೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಸುಡುಬಿಸಿಲಿನ ಊರಿನಲ್ಲಿ ಗೋದಾಮಿನಲ್ಲಿ ಹಳತಾದ ಟೈರನ್ನು ರಿಯಾಯಿತಿಗೆ ಕೊಳ್ಳಬೇಡಿ. ಅಳತೆ ಬದಲಾಗಿದ್ದರೆ ಗಾಳಿಯ ಒತ್ತಡವನ್ನು ಹೊಸ ಟೈರಿನ ಭಾರಸೂಚಿಗೆ ತಕ್ಕಂತೆ ಮತ್ತೆ ಲೆಕ್ಕ ಹಾಕಿಸಿ, ಜೋಹೋರ್‌ಗೆ ಹೊರಡುವ ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ತುಂಬಿಸಿ.